ದೇವರ ಬಲ, ನಮ್ಮ ಎಡ

ಮೇ 3, ಶನಿವಾರ

ಇವತ್ತೂ ಫೋನ್. ದೋಸೆ ತಟ್ಟೆಯಲ್ಲೇ ಆರಿತು. ನಿನ್ನೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗಿನಿಂದ ಅಮ್ಮನ ಮೊಬೈಲಿಗೆ ಪುರಸೊತ್ತಿಲ್ಲ. ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. "ಎಷ್ಟು ಬಂತಮ್ಮ?" 574. "ಮುಂದೆ ಏನ್ ತಗೋತೀಯ?" ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳುತ್ತಾರೆ — ಸೈನ್ಸ್ ತಗೊ, ಸೈನ್ಸ್. ಮತ್ತೆ ಕೇಳಿದ್ದು ಯಾವ ಸಂಪತ್ತಿಗೆ?

ಸೈನ್ಸ್ ಬೇಡ ಅಂತಲ್ಲ. ಬಯಾಲಜಿ ನನಗೇ ಬೇಕು. ಆದರೆ ಯಾವ ಕಾಲೇಜು ಅಂತ ಯಾರೂ ಕೇಳುತ್ತಿಲ್ಲ. ಅದು ಮೇಲಿನವರ ಮಟ್ಟದಲ್ಲಿ ಆಗುವ ತೀರ್ಮಾನ ಅನ್ನುವ ಹಾಗೆ... ಮೇಲಿನವರು ಅಂದರೆ ಅಪ್ಪ, ಅಪ್ಪನ ಮೇಲೆ ವಾಗೀಶ ಅಂಕಲ್. ಅಪ್ಪನ ಹಳೇ ದೋಸ್ತ್. ಮಂಡಕಳ್ಳಿ ಏರ್‌ಪೋರ್ಟ್ ದಾಟಿ ಆಚೆ ಇರುವ ಒಂದು ರೆಸಿಡೆನ್ಷಿಯಲ್ ಪಿಯು ಕಾಲೇಜಿನಲ್ಲಿ ಅಡ್ಮಿಷನ್ ನೋಡಿಕೊಳ್ಳುತ್ತಾರೆ. ನಿನ್ನೆ ಪೇಡಾ ಡಬ್ಬಿಯ ಜತೆಗೆ ಕಾಲೇಜಿನ ಪುಸ್ತಿಕೆಯನ್ನೂ ಕೊಟ್ಟುಹೋದರು. ಮುಖಪುಟದಲ್ಲಿ ಒಂದು ರಾಕೆಟ್. ಅದರ ಕಿಟಕಿಗಳಲ್ಲೆಲ್ಲ ರ‍್ಯಾಂಕ್ ಬಂದವರ ಮುಖ. ಹೊಗೆಯಲ್ಲೂ ಇಬ್ಬರಿದ್ದಾರೆ, ಪಾಪ.

ನಾನೂ ಧರಣಿಯೂ ಮಾತಾಡಿಕೊಂಡಿರುವುದು ಬೇರೆ. ಎಂಟನೇ ಕ್ಲಾಸಿನಿಂದ ಒಂದೇ ಬೆಂಚು ನಾವು. ಅಗ್ರಹಾರದ ಕಡೆ ಇರುವ ಸರ್ಕಾರಿ ಪಿಯು ಕಾಲೇಜಿಗೆ ಇಬ್ಬರೂ ಸೇರುವುದು ಅಂತ. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.

ಮೇ 5, ಸೋಮವಾರ

ಕಾಲೇಜು ಹುಡುಕುವುದು ಅಂದರೆ ಹುಡುಕಬೇಕು ತಾನೆ. ಅಮ್ಮನ ಮೊಬೈಲ್ ಇಸಿದುಕೊಂಡು ಮಧ್ಯಾಹ್ನ ಪೂರ್ತಿ ಕೂತೆ. ಮೈಸೂರಿನ ಟಾಪ್ ಟೆನ್ ಕಾಲೇಜು ಅಂತ ಹತ್ತಾರು ಪಟ್ಟಿ ಸಿಕ್ಕವು. ಒಂದರಲ್ಲಿ ಮೊದಲನೆಯದು ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಎಲ್ಲಕ್ಕೂ ನಾಲ್ಕೂವರೆ ಸ್ಟಾರ್. ಎಲ್ಲ ಫೋಟೋದಲ್ಲೂ ಅದೇ ನಗುವ ಹುಡುಗಿ, ಅದೇ ಪುಸ್ತಕ. ಎಷ್ಟು ಕಾಲೇಜಲ್ಲಿ ಓದುತ್ತಾಳೋ.

ಒಂದು ಕಡೆ "ವಿವರಕ್ಕೆ ನಂಬರ್ ಕೊಡಿ" ಅಂದರು. ಕೊಟ್ಟೆ. ಅಷ್ಟೇ. ಸಂಜೆಯಿಂದ ಅಮ್ಮನಿಗೆ ಬೆಂಗಳೂರಿಂದ, ಹೈದರಾಬಾದಿಂದ, ಎಲ್ಲೆಲ್ಲಿಂದಲೋ ಕರೆ. ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದರು. "ಯಾರೇ ಇವ್ರೆಲ್ಲ? ನನ್ನ ಮೇಡಂ ಮೇಡಂ ಅಂತಾರೆ, ನರ್ಸಿಂಗ್ ಸೇರ್ತೀರಾ ಅಂತಾರೆ." ಬ್ಲಾಕ್ ಮಾಡಲು ನನಗೆ ಒಂದು ಗಂಟೆ.

ಸರ್ಕಾರಿ ಕಾಲೇಜಿನ ವೆಬ್‌ಸೈಟಿನಲ್ಲಿ ಯಾವುದೋ ಕಾಲದ ಧ್ವಜಾರೋಹಣದ ಫೋಟೋ. ಉಳಿದದ್ದೆಲ್ಲ "ಶೀಘ್ರದಲ್ಲಿ".

ನನಗೆ ಬೇಕಾದ್ದು ಇಷ್ಟೇ. ಲ್ಯಾಬಿನಲ್ಲಿ ಮುಟ್ಟಲು ಬಿಡುತ್ತಾರಾ? ಭಾಷೆಗೆ ಕನ್ನಡ ಇದೆಯಾ? ಹತ್ತರ ತನಕ ಕನ್ನಡ ಮೀಡಿಯಂ ಓದಿದವರಿಗೆ ಏಕಾಏಕಿ ಎಲ್ಲ ಇಂಗ್ಲಿಷಿನಲ್ಲಿ ಹೇಳಿದಾಗ ತಲೆಗೆ ಹತ್ತದಿದ್ದರೆ ಏನು ಮಾಡುತ್ತಾರೆ? ಹುಡುಗಿಯರ ಬಾತ್‌ರೂಮ್ ಹೇಗಿದೆ? ಇದಕ್ಕೆ ಸ್ಟಾರ್ ಕೊಟ್ಟವರು ಒಬ್ಬರೂ ಸಿಗಲಿಲ್ಲ. ಸಿಟ್ಟಿಗೆ ಫೋನ್ ಎಸೆಯಬೇಕು ಅನಿಸಿತು. ಅಮ್ಮನದು, ಎಸೆಯಲಿಲ್ಲ.

ಮೇ 8, ಗುರುವಾರ

ರಾಕೆಟ್ ಕಾಲೇಜಿಗೆ ಹೋಗಿಬಂದೆವು. ಅಪ್ಪ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿದ್ದರು — ಅಗ್ರಹಾರದ ನಮ್ಮ ಗ್ರಂಥಿಗೆ ಅಂಗಡಿ, ವಿಭೂತಿ ಕರ್ಪೂರ ಮಾರುವುದು, ಗುರುವಾರ ವ್ಯಾಪಾರ ಚೆನ್ನಾಗಿರುವ ದಿನ. ಅಂದರೆ ವಿಷಯ ಗಂಭೀರ.

ಚೊಕ್ಕಟವಾಗಿದೆ, ಒಪ್ಪಿದೆ. ನೆಲದಲ್ಲಿ ಮುಖ ಕಾಣುತ್ತದೆ. ನಾವು ಇರುವಾಗಲೇ ಒಂದು ವಿಮಾನ ತಲೆಯ ಮೇಲೆ ಹೋಯಿತು. ಅದನ್ನೂ ತಾವೇ ತರಿಸಿದ ಹಾಗೆ ವಾಗೀಶ ಅಂಕಲ್ ಮೇಲಕ್ಕೆ ಕೈ ತೋರಿಸಿದರು.

ಲ್ಯಾಬ್ ತೋರಿಸಿ ಅಂದೆ. ಬೀಗ ತೆಗೆಸಿದರು. ಮೈಕ್ರೋಸ್ಕೋಪುಗಳ ಸಾಲು, ಒಂದೊಂದಕ್ಕೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕವರ್ ಹಾಗೇ ಇದೆ. "ಪ್ರಾಕ್ಟಿಕಲ್ ಎಲ್ಲ ಸೆಕೆಂಡ್ ಇಯರ್ ಕೊನೇಲಿ ಮುಗಿಸ್ಬುಡ್ತೀವಿ, ನೀಟ್‌ಗೆ ಅದು ಬರಲ್ಲ" ಅಂದರು.

"ಲ್ಯಾಂಗ್ವೇಜ್ ಕನ್ನಡ ಇದೆಯಾ ಅಂಕಲ್?"

"ಸಂಸ್ಕೃತ ಕಣಮ್ಮ. ಎಲ್ರಿಗೂ ಅದೇ. ನೂರಕ್ಕೆ ನೂರು ಬರುತ್ತೆ. ಏನೂ ಹೆದರ್ಕೊಬೇಡ, ಉತ್ತರ ಕನ್ನಡದಲ್ಲೇ ಬರೀಬೋದು."

"ಕನ್ನಡದಲ್ಲೇ ಬರೆಯೋದಾದ್ರೆ ಕನ್ನಡನೇ ಓದ್ಬೋದಲ್ಲ?"

ಅಂಕಲ್ ನಕ್ಕರು. "ಶಿವಕುಮಾರ, ನಿನ್ ಮಗಳು ಲಾಯರ್ ಆಗ್ತಾಳೆ ಬುಡು." ಅಪ್ಪ ನಗಲಿಲ್ಲ. ನನ್ನ ಮೊಣಕೈ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದರು.

ಕನ್ನಡದಲ್ಲಿ ನನಗೆ ನೂರಿಪ್ಪತ್ತೈದಕ್ಕೆ ನೂರಿಪ್ಪತ್ತೈದು ಬಂದಿದೆ. ಯಾರೂ ಅದರ ಮಾತೇ ಎತ್ತುವುದಿಲ್ಲ. ಅದು ಬಂದೇ ಬರುವ ಮಾರ್ಕ್ಸ್ ಅಂತೆ.

ಎರಡು ವರ್ಷ ಅಲ್ಲೇ ಇರಬೇಕು. ಮೊಬೈಲ್ ಇಲ್ಲ. ತಿಂಗಳಿಗೊಂದು ಭಾನುವಾರ ಮನೆಯವರು ಬಂದು ನೋಡಬಹುದು. ಸೀಟು ಈ ತಿಂಗಳ 28ರ ತನಕ ಹಿಡಿದಿಟ್ಟಿರುತ್ತಾರಂತೆ, ಅದೂ ಸ್ನೇಹಕ್ಕೆ. ದಾರಿಯುದ್ದಕ್ಕೂ ಅಪ್ಪನ ಒಂದೇ ಮಾತು — ಎಷ್ಟು ಕ್ಲೀನಾಗಿದೆ ನೋಡು. ಆಸ್ಪತ್ರೆಯೂ ಕ್ಲೀನಾಗಿರುತ್ತದೆ. ಹೇಳಲಿಲ್ಲ. ಹೇಳಬೇಕಿತ್ತು.

ಮೇ 9

ಅಪ್ಪ ಎಲ್ಲರಿಗೂ ಫೋನಿನಲ್ಲಿ "ಆಲ್ಮೋಸ್ಟ್ ಆದಂಗೇ" ಅನ್ನುತ್ತಿದ್ದಾರೆ. ಆಲ್ಮೋಸ್ಟ್ ಅಂತೆ.

ಮೇ 13, ಮಂಗಳವಾರ

ಲಾಸ್ಯ ಅಕ್ಕ ಬಂದಿದ್ದಳು. ದೊಡ್ಡಪ್ಪನ ಮಗಳು. ಎರಡು ವರ್ಷ ರಾಕೆಟ್ ಕಾಲೇಜಿನಲ್ಲಿ ಓದಿ ಈ ಸಲ ಪಿಯು ಮುಗಿಸಿದಳು, 96 ಪರ್ಸೆಂಟ್. ಅಪ್ಪ ಬೇಕೆಂದೇ ಕರೆಸಿದ್ದು. "ಕೇಳು, ನಿನ್ನ ಅಕ್ಕನ್ನೇ ಕೇಳು" ಅಂತ ನಮ್ಮಿಬ್ಬರನ್ನು ಹಜಾರದಲ್ಲಿ ಕೂರಿಸಿ ತಾವೂ ಪೇಪರ್ ಹಿಡಿದು ಅಲ್ಲೇ ಕೂತರು.

"ಹೆಂಗಿದೆ ಅಕ್ಕ?"

"ಚೆನ್ನಾಗಿದೆ."

"ಟೀಚಿಂಗ್?"

"ಚೆನ್ನಾಗಿದೆ. ಊಟನೂ ಚೆನ್ನಾಗಿದೆ. ಗುರುವಾರ ಪೂರಿ."

ಮುಂದಕ್ಕೆ ಮಾತೇ ಹೊರಡಲಿಲ್ಲ. ಮೊದಲು ಹೀಗಿರಲಿಲ್ಲ ಇವಳು. ಹಬ್ಬಕ್ಕೆ ಬಂದರೆ ಮನೆಯ ಹೆಂಚು ಹಾರಿಹೋಗುವಷ್ಟು ಗಲಾಟೆ ಮಾಡುತ್ತಿದ್ದಳು. ಸ್ವಲ್ಪ ಹೊತ್ತು ಕೈ ಕಟ್ಟಿ ಕೂತಿದ್ದು, ಆಮೇಲೆ ಅಡುಗೆಮನೆಯ ಕಡೆ ನೋಡಿ, ಅರ್ಧ ಎದ್ದು ಕೇಳಿದಳು — "ಚಿಕ್ಕಮ್ಮ, ನೀರು ಕುಡ್ದು ಬರ್ಲಾ?"

ನಮ್ಮ ಮನೆಯಲ್ಲಿ. ನೀರು ಕುಡಿಯಲು.

ಅಮ್ಮ ಅಡುಗೆಮನೆಯಿಂದ ಇಣುಕಿ ನೋಡಿದರು. ಅಪ್ಪನ ಪೇಪರು ಅಲುಗಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೆ ಶಿಸ್ತು ಅಂದುಕೊಂಡಿರುತ್ತಾರೆ. ನನಗೆ ಮಾತ್ರ ಹೆದರಿಕೆ ಆಯಿತು ಅಂತಲೇ ಬರೆಯುತ್ತೇನೆ, ಇಲ್ಲಿ ಯಾರು ನೋಡುತ್ತಾರೆ.

ಮೇ 15, ಗುರುವಾರ

ಧರಣಿ ಜತೆ ಸರ್ಕಾರಿ ಕಾಲೇಜಿಗೆ. ಮನೆಯಲ್ಲಿ ಲೈಬ್ರರಿ ಅಂತ ಹೇಳಿದ್ದು.

ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ಟೀ ಲೋಟ ಇಟ್ಟುಕೊಂಡು ಕೂತಿದ್ದರು. "ಮಾರ್ಕ್ಸ್ ಕಾರ್ಡ್ ತಂದಿದೀರಾ? ತಂದೆ ಎಲ್ಲಿ?"

"ಇಲ್ಲ ಸರ್, ನಾವು ಕಾಲೇಜು ನೋಡೋಕೆ ಬಂದಿದ್ದು."

"ನೋಡೋಕೆ ಏನಮ್ಮ ಇದೆ ಇಲ್ಲಿ, ಪ್ಯಾಲೇಸಾ? ತಂದೇನ ಕರ್ಕೊಂಡ್ಬನ್ನಿ."

ಅಲ್ಲಿ ತಂದೆ ಕರೆದುಕೊಂಡು ಹೋಗುತ್ತಾರೆ, ಇಲ್ಲಿ ತಂದೆಯನ್ನು ಕರೆದುಕೊಂಡು ಬಾ. ಓದುವವಳು ನಾನು ಅನ್ನುವುದು ಎರಡು ಕಡೆಯೂ ಯಾರಿಗೂ ಹೊಳೆಯುತ್ತಿಲ್ಲ. ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದೆವು. ಗೋಡೆ ಸುಣ್ಣ ಕಂಡು ವರ್ಷಗಳಾಗಿವೆ. ಹೊಂಗೆ ಮರ ಚೆನ್ನಾಗಿದೆ. ಮರ ನೋಡಿ ಕಾಲೇಜು ಸೇರಲು ಆಗುತ್ತಾ.

ಧರಣಿ ಹೆಚ್ಚು ಮಾತಾಡಲಿಲ್ಲ. "ಇಲ್ಲೇ ಅಲ್ವೇನೇ?" ಅಂದೆ. "ಹೂಂ" ಅಂದಳು. ಬಿಸಿಲಿಗೆ ತಲೆನೋವಂತೆ. ಯಾವುದೋ ಬಸ್ಸು ಬಂತು ಅಂತ ಬೇಗ ಹತ್ತಿಬಿಟ್ಟಳು.

ಮೇ 18, ಭಾನುವಾರ

ಹೇಳಿಬಿಟ್ಟೆ. ಉಪ್ಪಿಟ್ಟಿನ ಮುಂದೆ. ರಾಕೆಟ್ ಕಾಲೇಜಿಗೆ ಹೋಗಲ್ಲ, ಸರ್ಕಾರಿ ಕಾಲೇಜಿಗೆ ಹೋಗ್ತೀನಿ ಅಂತ.

ಅಪ್ಪ: "574 ತಗೊಂಡು ಸರ್ಕಾರಿ ಕಾಲೇಜಾ? ಜನ ಏನಂತಾರೆ?"

ಜನ ಬಂದು ಓದುತ್ತಾರಾ ಅಂದೆ. ಅಲ್ಲಿಂದ ಶುರುವಾದದ್ದು ಮಧ್ಯಾಹ್ನದ ತನಕ ನಡೆಯಿತು. ಅಮ್ಮ ಎರಡೂ ಕಡೆ ಸೇರಲಿಲ್ಲ. "ನನ್ನನ್ನ ಕೇಳ್ಬೇಡಿ. ನಾಳೆ ಹೆಚ್ಚುಕಮ್ಮಿ ಆದ್ರೆ ನನ್ ತಲೆಗೇ ಕಟ್ತೀರ." ನಾನು ಅತ್ತೆ. ಅತ್ತದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಅತ್ತರೆ ವಾದ ಸೋತ ಹಾಗೆ.

ಕೊನೆಗೆ ಅಜ್ಜಿ ಬಾಯಿ ಹಾಕಿದರು. ಸಿದ್ದಲಿಂಗಮ್ಮ ಅಂದರೆ ನಮ್ಮ ಮನೆಯ ಸುಪ್ರೀಂ ಕೋರ್ಟು. "ಜಗಳ ಯಾಕ್ರಪ್ಪ? ನಾಳೆ ಸೋಮ್ವಾರ. ಗದ್ದುಗೆಗೋಗಿ ಪ್ರಸಾದ ಕೇಳಾನ. ಅಪ್ನೋರು ಏನ್ ಕೊಟ್ಟಾರೋ ಅಂಗೇ ಮಾಡಿ."

ನಂಜನಗೂಡು ಕಡೆಯ ಮಠದ ಗದ್ದುಗೆ. ನಮ್ಮ ಮನೆಯಲ್ಲಿ ಮದುವೆ, ಮನೆ ಕಟ್ಟುವುದು, ಚಿಕ್ಕಪ್ಪನ ಆಪರೇಷನ್, ಎಲ್ಲವನ್ನೂ ಅಲ್ಲಿ ಹೂವು ಇಟ್ಟು ಕೇಳಿಯೇ ಮಾಡುವುದು. ಅಪ್ಪನಿಗೂ ಈ ಉಪಾಯ ಇಷ್ಟವಾಯಿತು. ತೀರ್ಪೂ ಬಂದ ಹಾಗೆ, ಕೆಟ್ಟವರಾಗುವುದೂ ಬೇಡ. ಅಲ್ಲೇ ಕೂತು ಅಜ್ಜಿಗೆ ಬಾಯಿಪಾಠ ಮಾಡಿಸಿದರು — ಬಲಗಡೆ ಕೊಟ್ಟರೆ ವಾಗೀಶನ ಕಾಲೇಜು, ಎಡಗಡೆ ಕೊಟ್ಟರೆ ಸರ್ಕಾರಿ ಕಾಲೇಜು. ಬಲಗಡೆ ಯಾವುದಕ್ಕೆ ಇಟ್ಟರು ನೋಡಿ. ಅಪ್ಪ ವ್ಯಾಪಾರಸ್ಥರು.

ನನ್ನ ಎರಡು ವರ್ಷವನ್ನು ಒಂದು ಸೇವಂತಿಗೆ ಹೂವು ತೀರ್ಮಾನ ಮಾಡುತ್ತದೆ. ಸ್ಟಾರ್ ಕೊಡುವ ವೆಬ್‌ಸೈಟೇ ವಾಸಿಯಿತ್ತು.

ಮೇ 19, ಸೋಮವಾರ, ಸಂಜೆ

ಏನಾಯಿತು ಅಂತ ಸರಿಯಾಗಿ ಬರೆಯಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಎಲ್ಲರೂ ಆಟೋದಲ್ಲಿ ಹೋದೆವು. ಅಯ್ಯನವರು ಗದ್ದುಗೆಯ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿದರು, ಮೊದಲು ಬಿದ್ದ ಕಡೆಯದೇ ಪ್ರಸಾದ. ಅಜ್ಜಿ ಮುಂದೆ ಕೂತು ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಬೇಡಿಕೊಂಡರು. ನಾವು ಹಿಂದೆ ಕೈಮುಗಿದು ನಿಂತೆವು. ನಾನು ಎಡಗಡೆಯ ಹೂವನ್ನೇ ದುರುಗುಟ್ಟಿ ನೋಡಿದೆ. ಬೀಳು, ಬೀಳು ಅಂತ. ಸಿಟ್ಟು ಇದ್ದರೂ ನೋಡುವುದು ನೋಡಿಯೇ ನೋಡುತ್ತೇವೆ.

ಬಿತ್ತು. ಎಡಗಡೆಯದೇ. ಕಣ್ಣಾರೆ ನೋಡಿದೆ.

ಅಯ್ಯನವರು ಹೂವು ಎತ್ತಿ ಅಜ್ಜಿಯ ಸೆರಗಿಗೆ ಹಾಕಿ, "ಬಲಗಡೆ ಪ್ರಸಾದ ಆಯ್ತು ತಾಯಿ" ಅಂದರು.

ಅಪ್ಪನ ಮುಖ ಊರಗಲವಾಯಿತು. ನಾನು "ಎಡಗಡೆ ಅಲ್ವಾ ಬಿದ್ದಿದ್ದು?" ಅಂತ ಕೇಳಿಯೇಬಿಟ್ಟೆ. ಅಯ್ಯನವರು ನಗುತ್ತಾ, "ಗದ್ದುಗೆ ನಮ್ಮ ಕಡೆ ಮುಖ ಮಾಡಿದೆ ಮಗು. ಅಪ್ಪಾವ್ರ ಬಲ ನಮ್ಗೆ ಎಡ ಕಾಣುತ್ತೆ. ಲೆಕ್ಕ ಅವ್ರ ಬಲದ್ದು" ಅಂದರು. ಇಷ್ಟು ದಿನದಿಂದ ಬಂದು ಹೋಗುತ್ತಿದ್ದೇನೆ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಆಗ ಅಜ್ಜಿ ಸೆರಗಿನ ಹೂವನ್ನೇ ನೋಡುತ್ತಾ, "ಅಂಗಾದ್ರೆ ತಪ್ಪೋಯ್ತಲ್ಲ" ಅಂದರು.

"ಏನವ್ವ ತಪ್ಪಾಯ್ತು?" ಅಪ್ಪ.

"ನಾನು ಅವ್ರ ಬಲ ಅಂತ ಬೇಡ್ಕೊಳ್ಲಿಲ್ವಲ್ಲೋ. ಯಾವಾಗ್ಲೂ ಆಯ್ತದಾ ಇಲ್ವಾ ಅಂತ ಕೇಳಾದು. ಬಲ ಕೊಟ್ರೆ ಆಯ್ತದೆ, ಎಡ ಕೊಟ್ರೆ ಇಲ್ಲ. ನೀನು ಎಡಕ್ಕೊಂದು ಬಲಕ್ಕೊಂದು ಕಾಲೇಜು ಹೇಳ್ಕೊಟ್ಬುಟ್ಟೆ. ಎಲ್ಲಿ ಮರ್ತೋಯ್ತದೋ ಅಂತ, ಈ ಕೈ ಕಡೆ ಬಿದ್ರೆ ವಾಗೀಶಂದು, ಈ ಕೈ ಕಡೆ ಬಿದ್ರೆ ಸರ್ಕಾರದ್ದು ಅಂತ ನನ್ ಕೈ ಮುಷ್ಟಿ ಮಾಡ್ಕೊಂಡು ಬೇಡ್ಕೊಂಡೆ." ಎರಡೂ ಮುಷ್ಟಿ ಎತ್ತಿ ತೋರಿಸಿದರು. ಸರ್ಕಾರದ ಮುಷ್ಟಿ ಹೂವು ಬಿದ್ದ ಕಡೆಗೇ ಇತ್ತು.

ಅಪ್ಪ ಅಯ್ಯನವರ ಕಡೆ ತಿರುಗಿದರು. "ಇನ್ನೊಂದ್ಸಲ ಹೂವಿಡಿ ಬುದ್ಧಿ."

"ಒಂದೇ ವಿಷ್ಯಕ್ಕೆ ಎರಡ್ಸಲ ಕೇಳಂಗಿಲ್ಲ ಶಿವಕುಮಾರಪ್ಪ."

"ಹೋಗ್ಲಿ, ಈಗ ಕೊಟ್ಟಿದ್ದು ಯಾವ್ದು ಅಂತ ಲೆಕ್ಕ?"

ಅಯ್ಯನವರು ತಲೆ ಕೆರೆದುಕೊಂಡರು. "ಅವ್ರು ಕೊಟ್ಟಿದ್ದು ಬಲಗಡೆನೇ. ಅಮ್ಮಾವ್ರು ಕೇಳಿದ್ದು ಯಾವ್ದು ಅಂತ ನಾ ಹೆಂಗೇಳ್ಲಿ?" ಹಿಂದೆ ಇನ್ನೊಂದು ಮನೆಯವರು ಹಸುವಿನ ವಿಷಯ ಕೇಳಲು ಕಾಯುತ್ತಿದ್ದರು. ನಾವು ಜಾಗ ಬಿಟ್ಟೆವು.

ಆಟೋದಲ್ಲಿ ಅಜ್ಜಿ ಮುಖ ಮುದುಡಿಸಿಕೊಂಡು ಕೂತಿದ್ದರು. ಅಮ್ಮ ಹೊರಗೆ ನೋಡುತ್ತಿದ್ದರು, ಭುಜ ಅಲುಗುತ್ತಿತ್ತು, ನಗು ತಡೆಯುತ್ತಿದ್ದರು ಅಂತ ನನ್ನ ಅನುಮಾನ. ಅಪ್ಪನಿಗೆ ತಡೆಯಲಾಗಲಿಲ್ಲ. ನನ್ನ ಕಡೆ ತಿರುಗಿ, "ಸರಿ, ನೀನೇ ಹೇಳು. ಆ ಕಾಲೇಜೇ ಯಾಕೆ? ಒಂದು ಕಾರಣ ಹೇಳು" ಅಂದರು.

ಇಷ್ಟು ದಿನ ಇದೊಂದನ್ನು ಯಾರಾದರೂ ಕೇಳಲಿ ಅಂತ ಕಾದಿದ್ದೆ. ಕೇಳಿದರು. ಲ್ಯಾಬ್, ಕನ್ನಡ, ಯಾವುದೂ ಬಾಯಿಗೆ ಬರಲಿಲ್ಲ. ಅಲ್ಲಿ ಅವು ಹೇಗಿವೆ ಅಂತ ನನಗೆಲ್ಲಿ ಗೊತ್ತು, ನಾನು ನೋಡಿದ್ದು ಒಂದು ಮರ. "ಧರಣಿ ಅಲ್ಲಿಗೆ ಸೇರ್ತಾಳೆ" ಅಂದುಬಿಟ್ಟೆ.

ಅಪ್ಪ ಮುಂದಿನ ರಸ್ತೆ ನೋಡುತ್ತಾ ಹೇಳಿದರು. "ನಾನೂ ಪಿಯುಸಿಗೆ ಹಂಗೇ ಸೇರಿದ್ದು. ವಾಗೀಶ ಸೇರ್ದ ಅಂತ. ಅವ್ನು ಪಾಸಾದ. ನಾನು ಫಿಸಿಕ್ಸ್ ಕಟ್ಟಿ ಕಟ್ಟಿ ಸಾಕಾಗಿ ಅಂಗ್ಡೀಲಿ ಕೂತೆ."

ಸುಮ್ಮನಿರಬೇಕಿತ್ತು. ಸುಮ್ಮನಿರಲಿಲ್ಲ. "ಈಗ್ಲೂ ಅವರು ಕರೆದ ಕಡೆಗೇ ಹೋಗ್ತಿದೀರಲ್ಲ ಅಪ್ಪ" ಅಂದೆ.

ಅಪ್ಪ ಮುಖ ತಿರುಗಿಸಿ, ಮನೆ ಬರುವ ತನಕ ಆಟೋದ ಮೀಟರನ್ನೇ ನೋಡಿದರು.

ಮೇ 22, ಗುರುವಾರ

ಅಪ್ಪ ಮಾತಾಡುತ್ತಿಲ್ಲ. ಅಮ್ಮನ ಮೂಲಕ ವ್ಯವಹಾರ. "ಅವಳಿಗೆ ಸಾರು ಬೇಕಾ ಕೇಳು." ಎದುರಿಗೇ ಕೂತಿದ್ದೇನೆ.

ಅಮ್ಮ ಪಾತ್ರೆ ತೊಳೆಯುತ್ತಾ, "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು" ಅಂದರು. ಗೊತ್ತು. ಆದರೆ ನಾನು ಹೇಳಿದ್ದು ಸುಳ್ಳಾ?

ಸುಳ್ಳಲ್ಲ ಅನ್ನುವುದೇ ಸಂಕಟ. ನಾನೂ ಅದನ್ನೇ ಮಾಡುತ್ತಿದ್ದೆ.

ಮೇ 23, ಶುಕ್ರವಾರ

ಬೆಳಗ್ಗೆ ಅಂಗಡಿಗೆ ಹೊರಟ ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತಾ, ಚಪ್ಪಲಿಗೆ ಹೇಳುವ ಹಾಗೆ ಹೇಳಿದರು. "ಬುಧವಾರದ ತನಕ ಟೈಮಿದೆ. ಧರಣಿ ಇಲ್ಲ ಅಂದ್ಕೊ. ಆಗ್ಲೂ ಅಲ್ಲಿಗೇ ಹೋಗ್ಬೇಕು ಅನ್ಸುತ್ತಾ ನೋಡು. ಅನ್ಸಿದ್ರೆ ನಾನೇ ಬಂದು ಸೈನ್ ಹಾಕ್ತೀನಿ. ಇಲ್ದಿದ್ರೆ ವಾಗೀಶನ ಕಾಲೇಜು. ಆಮೇಲೆ ಅಳಂಗಿಲ್ಲ."

ಧರಣಿ ಇಲ್ಲ ಅಂತ ಅಂದುಕೊಳ್ಳುವುದು ಹೇಗೆ? ಇದ್ದಾಳಲ್ಲ.

ಮೇ 24, ಶನಿವಾರ

ಇಲ್ಲ.

ಡಿಪ್ಲೊಮಾ ಸೇರುತ್ತಿದ್ದಾಳೆ. ಪಾಲಿಟೆಕ್ನಿಕ್, ಎಲೆಕ್ಟ್ರಾನಿಕ್ಸ್. ಅರ್ಜಿ ಹಾಕಿ ವಾರದ ಮೇಲಾಯಿತಂತೆ. ಅವರ ಮನೆಗೆ ಹೋಗಿದ್ದೆ, ಗದ್ದುಗೆಯ ಕತೆ ಹೇಳಿ ನಗಿಸೋಣ ಅಂತ. ಅವರಪ್ಪ ಪ್ರಸನ್ನ ಅಂಕಲ್ ಏರ್‌ಪೋರ್ಟಿನಲ್ಲಿ ಲಗೇಜ್ ಹತ್ತಿಸುವ ಕೆಲಸ ಮುಗಿಸಿ ಆಗತಾನೆ ಬಂದಿದ್ದರು. "ನೀನೂ ಡಿಪ್ಲೊಮಾನೇನಮ್ಮ?" ಅಂತ ಕೇಳಿದರು. ಹೀಗೆ ಗೊತ್ತಾಯಿತು ನನಗೆ.

ಹೊರಗೆ ಕರೆದುಕೊಂಡು ಬಂದು ಕೂಗಾಡಿದೆ. ಕಾಲೇಜು ಅಂಗಳದಲ್ಲಿ ಹೂಂ ಅಂದವಳು ಇವಳೇ.

"ಹೆಂಗೇಳ್ಲಿ ನಿಂಗೆ?" ಅಂದಳು. "ನೀನು ನನ್ನ ನೋಡ್ಕೊಂಡು ಕಾಲೇಜು ಆರಿಸ್ಕೊತಿದ್ದೆ. ನಾನು ಯಾರನ್ನ ನೋಡ್ಕೊಳ್ಳೇ? ನಮ್ಮನೇಲಿ ಕಾಲೇಜು ಮೆಟ್ಲು ಹತ್ತುತಿರೋಳು ನಾನೇ ಮೊದ್ಲು. ನಮ್ಮಪ್ಪನಿಗೆ ಇದೆಲ್ಲ ಗೊತ್ತಾಗಲ್ಲ. ನಾನೇ ಎರಡ್ಸಲ ಹೋಗಿ, ಅಲ್ಲಿ ಓದೋ ಅಕ್ಕಂದಿರ್ನ ಹಿಡ್ಕೊಂಡು ಕೇಳಿ, ವರ್ಕ್‌ಶಾಪು ನೋಡಿ ಬಂದೆ. ನಂಗೆ ಅದೇ ಸರಿ ಅನ್ನಿಸ್ತು ಕಣೇ."

ಅಲ್ಲಿಂದ ಬಂದುಬಿಟ್ಟೆ. ಅಳು ಬಂದದ್ದು ಅವಳು ಬಿಟ್ಟುಹೋದಳು ಅಂತಲೋ, ನಾನು ಮಾಡಬೇಕಾದ ಕೆಲಸವನ್ನು ಅವಳು ಅಷ್ಟು ಚೆನ್ನಾಗಿ ಮಾಡಿದ್ದಾಳೆ ಅಂತಲೋ... ಎರಡೂ.

ಮೇ 25

ರಾಕೆಟ್ ಹತ್ತಿಬಿಡಲಾ? ಅಲ್ಲಿ ಯಾವುದನ್ನೂ ನಾನು ತೀರ್ಮಾನ ಮಾಡಬೇಕಾಗಿಲ್ಲ. ಗುರುವಾರ ಪೂರಿ.

ಮೇ 26, ಸೋಮವಾರ

ಒಬ್ಬಳೇ ಹೋದೆ. ಮನೆಯಲ್ಲಿ ಹೇಳಿಯೇ ಹೋದೆ.

ಅದೇ ಗುಮಾಸ್ತರು. "ಮತ್ತೆ ಬಂದ್ರಾ? ತಂದೆ?" ಈ ಸಲ ತಂದೆಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ. "ಬಯಾಲಜಿ ಲೆಕ್ಚರರ್ ಇದ್ದಾರಾ ಸರ್?" ಅಂದೆ. ಅವರು ಗಡ್ಡ ಕೆರೆದುಕೊಂಡು ಮಹಡಿ ತೋರಿಸಿದರು. ಇಷ್ಟು ಸುಲಭವಿತ್ತು.

ರಮಾಮಣಿ ಮೇಡಂ. ಲ್ಯಾಬಿನ ನಲ್ಲಿಯಲ್ಲಿ ಗಾಜಿನ ಸ್ಲೈಡ್ ತೊಳೆಯುತ್ತಿದ್ದರು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ. ನನ್ನ ಪ್ರಶ್ನೆಗಳನ್ನೆಲ್ಲ ಒಂದೇ ಉಸಿರಿಗೆ ಕೇಳಿದೆ. ಅವರು ಸ್ಲೈಡ್ ಒರೆಸುತ್ತಾ ಒಂದೊಂದಾಗಿ ಹೇಳಿದರು. ಸಿಹಿ ಲೇಪ ಏನೂ ಇಲ್ಲ.

ಕನ್ನಡ ಇದೆ. ಫಿಸಿಕ್ಸಿಗೆ ಕಾಯಂ ಲೆಕ್ಚರರ್ ಇಲ್ಲ, ಅತಿಥಿ ಉಪನ್ಯಾಸಕರು ಆರ್ಡರ್ ಬಂದ ಮೇಲೆ ಬರುತ್ತಾರೆ, ಜುಲೈ ಆದರೂ ಆಗಬಹುದು. ನೀಟ್ ಕೋಚಿಂಗ್ ಇಲ್ಲ. ಲೈಬ್ರರಿ ನಾಲ್ಕಕ್ಕೆ ಮುಚ್ಚುತ್ತದೆ. ಬಾತ್‌ರೂಮಿನಲ್ಲಿ ಒಂದಕ್ಕೆ ಚಿಲಕ ಇಲ್ಲ — "ಹುಡ್ಗೀರು ಒಬ್ರಿಗೊಬ್ರು ಬಾಗ್ಲು ಹಿಡ್ಕೋತಾರೆ. ನಾನು ಬರ್ದು ಬರ್ದು ಸಾಕಾಗಿದೆ."

"ಕನ್ನಡ ಮೀಡಿಯಂನವರಿಗೆ ಅರ್ಥ ಆಗದಿದ್ರೆ ಮೇಡಂ?"

"ನಾನು ಎರಡ್ಸಲ ಹೇಳ್ತೀನಿ. ಮೊದ್ಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ. ಪೋರ್ಷನ್ ನಿಧಾನ ಆಗುತ್ತೆ ಅಂತ ಇಂಗ್ಲಿಷ್ ಮೀಡಿಯಂನವರು ಬೈಕೋತಾರೆ. ಬೇರೆ ಮೇಷ್ಟ್ರುಗಳದ್ದು ನಾನು ಹೇಳಲಾರೆ."

ನನಗೆ ಕಿರಿಕಿರಿಯಾಯಿತು. ಎಲ್ಲ ಚೆನ್ನಾಗಿದೆ ಅಂದರೂ ಸಿಟ್ಟು, ಇರುವುದನ್ನು ಇದ್ದ ಹಾಗೆ ಹೇಳಿದರೂ ಸಿಟ್ಟು. ಇನ್ನೂ ಸ್ವಲ್ಪ ಒಳ್ಳೆಯದಾಗಿದ್ದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಅಪ್ಪನಿಗೆ ಏನು ಅಂತ ಹೇಳಲಿ, ಫಿಸಿಕ್ಸ್ ಮೇಷ್ಟ್ರಿಲ್ಲದ ಕಾಲೇಜು ಬೇಕು ಅಂತಲಾ? ಫಿಸಿಕ್ಸ್ ಕಟ್ಟಿ ಕಟ್ಟಿ ಸಾಕಾದವರಿಗೆ?

ಹೊರಡುತ್ತಿದ್ದೆ. "ಬಂದಿದೀಯ, ನೋಡ್ಕೊಂಡು ಹೋಗು" ಅಂದರು. ಮೈಕ್ರೋಸ್ಕೋಪ್ ಹಳೆಯದು, ತಿರುಗಿಸುವ ಗುಂಡಿಗೆ ದಾರ ಸುತ್ತಿದ್ದಾರೆ. ಈರುಳ್ಳಿ ಪೊರೆಯನ್ನು ನನ್ನ ಕೈಯಲ್ಲೇ ಸುಲಿಸಿದರು. ಎರಡು ಸಲ ಹರಿಯಿತು. ಮೂರನೇ ಸಲ ಬಂತು. ಕಣ್ಣಿಟ್ಟೆ. ಮೊದಲು ಏನೂ ಕಾಣಲಿಲ್ಲ, ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಕಂಡಿತು. ಇಟ್ಟಿಗೆ ಜೋಡಿಸಿದ ಹಾಗೆ, ಒಂದೊಂದರಲ್ಲೂ ಒಂದು ಚುಕ್ಕೆ.

ಈರುಳ್ಳಿ ಪೊರೆಯ ಚಿತ್ರವನ್ನು ಹೈಸ್ಕೂಲಿನಲ್ಲಿ ಅದೆಷ್ಟು ಸಲ ಬರೆದಿದ್ದೇನೋ. ಭಾಗಗಳನ್ನು ಗುರುತಿಸಿ, ಎರಡು ಅಂಕ. ಈರುಳ್ಳಿಯನ್ನು ನೋಡಿದ್ದು ಇವತ್ತು.

ಎಷ್ಟು ಹೊತ್ತು ಬಗ್ಗಿದ್ದೆನೋ ಗೊತ್ತಿಲ್ಲ, ಕತ್ತು ನೋಯುತ್ತಿದೆ. ಮೇಡಂ ಅಷ್ಟು ಹೊತ್ತೂ ಸಾಕಮ್ಮ ಅನ್ನಲಿಲ್ಲ.

ಮೇ 27, ಮಂಗಳವಾರ

ವಾಗೀಶ ಅಂಕಲ್ ಫೋನ್ ಮಾಡುತ್ತಲೇ ಇದ್ದಾರೆ. ಅಪ್ಪ ಎತ್ತುತ್ತಿಲ್ಲ. ನನ್ನನ್ನೂ ಏನೂ ಕೇಳುತ್ತಿಲ್ಲ.

ಅಜ್ಜಿ ಗದ್ದುಗೆಯಿಂದ ಬಂದಾಗಿನಿಂದ ಸರಿಯಾಗಿ ಊಟ ಮಾಡಿಲ್ಲ ಅಂತ ಅಮ್ಮ ಹೇಳಿದರು. ಪಕ್ಕದಲ್ಲಿ ಕೂತೆ. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. "ನಾನೇ ಕೆಡಿಸ್ಬುಟ್ಟೆ ಕಣ್ ಮಗ. ವಯಸ್ಸಾಯ್ತು. ಎಡ ಯಾವ್ದು ಬಲ ಯಾವ್ದು ಅನ್ನದೂ ತಿಳೀದಂಗಾಯ್ತು" ಅಂದರು. ಕಣ್ಣಲ್ಲಿ ನೀರು. ನಾಟಕ ಮಾಡಿರಬಹುದು ಅಂತ ನನಗೊಂದು ಅನುಮಾನ ಇತ್ತು. ಇಲ್ಲ, ನಿಜವಾಗಿಯೂ ತಪ್ಪಿದ್ದರು.

ಕೆಡಿಸಿದ್ದರಿಂದಲೇ ಅಪ್ಪ ನನ್ನನ್ನು ಕೇಳಿದ್ದು ಅಜ್ಜಿ, ಅಂತ ಹೇಳಬೇಕು ಅನಿಸಿತು. ಅವರ ಜತೆ ಸೊಪ್ಪು ಬಿಡಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಎಲ್ಲೋದ್ರೂ ಎಡಗಾಲಿಟ್ಟು ಹೋಗ್ಬೇಡ, ಅಷ್ಟೇಯ" ಅಂದರು.

ಧರಣಿಗೆ ಮೆಸೇಜ್ ಮಾಡಿದೆ. ಆಲ್ ದ ಬೆಸ್ಟ್ ಕಣೇ ಅಂತ. ಇನ್ನೂ ಸಿಟ್ಟಿದೆ, ಅದನ್ನೂ ಬರೆದೆ. ನಗುವ ಮುಖ ಕಳಿಸಿದ್ದಾಳೆ.

ಹೆದರಿಕೆ ಏನು ಅಂತ ಈಗ ಗೊತ್ತಾಗಿದೆ. ರಾಕೆಟ್ ಕಾಲೇಜಿಗೆ ಹೋಗಿ ಕೆಟ್ಟರೆ ಅಪ್ಪನನ್ನು ಬಯ್ಯಬಹುದು. ಇಲ್ಲಿ ಕೆಟ್ಟರೆ ಬಯ್ಯಲು ಯಾರೂ ಇಲ್ಲ. ಧರಣಿಯೂ ಇಲ್ಲ.

ಮೇ 28, ಬುಧವಾರ, ಬೆಳಗ್ಗೆ

ಅಪ್ಪ ಬಿಳಿ ಶರ್ಟ್ ಇಸ್ತ್ರಿ ಮಾಡಿ ಹಾಕಿಕೊಂಡಿದ್ದಾರೆ. ಮಾರ್ಕ್ಸ್ ಕಾರ್ಡ್, ಟಿಸಿ, ಫೋಟೋ ಎಲ್ಲ ಚೀಲದಲ್ಲಿ. ಎರಡು ಕಡೆಗೂ ಅವೇ ಕಾಗದ. ತಿಂಡಿಯ ಹೊತ್ತಿನಲ್ಲಿ ಹೇಳೋಣ ಅಂತ ಬಾಯಿ ತೆರೆದೆ. "ಫಿಸಿಕ್ಸ್ ಮೇಷ್ಟ್ರು ಜುಲೈಗೆ ಬರ್ತಾರಂತೆ ಅಪ್ಪ" ಅನ್ನುವುದು ಮೊದಲು ಹೊರಗೆ ಬಂತು. ಎಂಥ ದಡ್ಡಿ ನಾನು.

ಅಪ್ಪ ತಟ್ಟೆಯಿಂದ ತಲೆ ಎತ್ತಿದರು. "ಅಷ್ಟೆಲ್ಲ ಕೇಳ್ಕೊಂಡು ಬಂದಿದೀಯಾ?" ಅಂದರು. ಕೈ ತೊಳೆದುಕೊಂಡು ಎದ್ದರು. "ಈಗೇನೂ ಹೇಳ್ಬೇಡ. ಇನ್ನೊಂದ್ಸಲ ಯೋಚ್ನೆ ಮಾಡು. ಬೀದಿ ಕೊನೇಗೆ ಹೋದಾಗ ಹೇಳು, ತಿರುಗಿಸ್ತೀನಿ."

ಸ್ಕೂಟರ್ ಸ್ಟಾರ್ಟ್ ಆಯಿತು. ಹಾರ್ನ್ ಕೂಡ ಆಯಿತು ಒಂದು ಸಲ. ಅಮ್ಮ ಕೂಗುತ್ತಿದ್ದಾರೆ, ಅಜ್ಜಿ ಬಾಗಿಲಲ್ಲಿ ನಿಂತು ನನ್ನ ಕಾಲನ್ನೇ ಕಾಯುತ್ತಿದ್ದಾರೆ.

ಬೀದಿ ಕೊನೆಯಲ್ಲಿ ಬಲಕ್ಕೆ ತಿರುಗಿದರೆ ನಂಜನಗೂಡು ರಸ್ತೆ, ಮಂಡಕಳ್ಳಿ, ರಾಕೆಟ್. ಇನ್ನೊಂದು ಕಡೆಗೆ ಅಗ್ರಹಾರ. ಸ್ಕೂಟರಿನಲ್ಲಿ ಅಪ್ಪನ ಹಿಂದೆ ಕೂತಾಗ ಇಬ್ಬರ ಮುಖವೂ ಒಂದೇ ಕಡೆಗೆ. ಅವರ ಎಡವೇ ನನ್ನ ಎಡ. ಇದರಲ್ಲಿ ತಪ್ಪು ತಿಳಿಯುವುದಕ್ಕೆ ಏನೂ ಇಲ್ಲ. ಹೇಳಬೇಕು, ಅಷ್ಟೇ. ಮತ್ತೆ ಬೇರೇನೋ ಬಾಯಿಗೆ ಬಂದರೆ ಕಷ್ಟ, ಇಲ್ಲೊಂದು ಸಲ ಬರೆದು ಅಭ್ಯಾಸ ಮಾಡಿಕೊಳ್ಳುತ್ತೇನೆ.

ಬಂದೆ ಅಪ್ಪ. ಎಡಕ್ಕೆ